ಹದಿನೆಂಟು ಎಂ.ಎಂ. ಪ್ಲಾಯ್‌ವುಡ್

ಬೇಸ್ ಗಿಟಾರು ಮಂಚದ ಕೆಳಗಿತ್ತು,
ಹಳೇ ಚಾದರದಾಗ ಸುತ್ತಿ,
ಜಿರಲಿ ಬರಬಾರದಂತ ತಲಿ ಕಡೆ ಎರಡು ನುಸಿಗುಳಿಗಿ.
ಬೆಳಗಾವಿ ಕ್ಯಾಂಪಿನ ಹಂಚಿನ ಮನಿ. ಎಸ್ಪೆರಾನ್ಸಾ ಆಂಟಿ
ಮೊಣಕಾಲೂರಿ ಎಳದು ಕೊಟ್ಟಳು:
‘ಜಪಾನಿಂದು. ಎಪ್ಪತ್ನಾಕರಾಗ ಬಂತು.
ಆಗ ಮಿನೇಜಿಸ್‌ಗ ಇನ್ನಾ ಮೀಸಿ ಬಂದಿದ್ದಿಲ್ಲ.’

ಕಂಪನಿ ಹೆಸರಿನ್ಯಾಗ ಎರಡ ಅಕ್ಷರ ಉಳದಿದ್ವು.
ಬೆನ್ನಿನ ಬಣ್ಣಾ ಬೆಲ್ಟಿನ ಬಕ್ಕಲ್ ತಿಂದಿತ್ತು,
ಅಂಗೈಯಗಲ, ಕಟಗಿ ಕಾಣೂವಂಗ.
ಒಂದ ಕಣ್ಣು ಮುಚ್ಚಿ ಕುತ್ತಿಗಿಗುಂಟ ನೋಡಿದೆ:
ಚೂರು ಬಾಗೇತಿ. ತಿರುಪು ತಿರುವಿದ್ರ ನೆಟ್ಟಗಾದೀತು,
ಆಗದಿದ್ರ ಇಲ್ಲ.
ತಂತಿ ಮೂರ.
‘ನಾಕನೇದು?’
ಅಡಗಿಮನಿ ಕಡೆ ಬೆರಳು ಮಾಡಿದಳು.
ಎಲ್ಲಾದಕ್ಕಿಂತ ದಪ್ಪಂದು, ಎಲ್ಲಾದಕ್ಕಿಂತ ಕೆಳಗಿನ ಸ್ವರ,
ಎರಡು ಮೊಳಿ ನಡುವ ಬಿಗದು
ಇಪ್ಪತ್ತು ವರ್ಷದಿಂದ ಹೂವಿನ ಪರದೆ ಹೊತ್ತು ನಿಂತಿತ್ತು.
‘ಜೋತು ಬೀಳೂದಿಲ್ಲ ಅದು,’ ಅಂದಳು.

ಪುಣೇದಾಂವ ಫೋನಿನ್ಯಾಗ ಹೆಚ್ಚಿಗಿ ಹೇಳ್ಯಾನಂತ.
ಅಂವ ಕಿವಿ ಬ್ಯಾರೆ, ಪಿಕಪ್ ಬ್ಯಾರೆ, ಕುತ್ತಿಗಿ ಬ್ಯಾರೆ ಮಾಡಿ ಮಾರಾಂವ,
ಕುರಿ ಕಡದಂಗ.
ಹೇಳಬೇಕಂದೆ. ಹೇಳಲಿಲ್ಲ.
ಖರೀದಿಗೆ ಬಂದಾಂವ ಇನ್ನೊಬ್ಬ ಗಿರಾಕಿನ್ನ ಬೈಬಾರದು.
ಹನ್ನೊಂದು ಸಾವಿರ ಎರಡ ಸಲ ಎಣಿಸಿದಳು,
ಮೂರನೇ ಸಲ ಎಣಿಸಿ ಐನೂರು ತಿರುಗಿ ಕೊಟ್ಟಳು,
‘ತಂತಿಗೆ.’

ಸ್ಪೀಕರು ಗುಜರಿಯಾಗ ಸಿಕ್ಕದ್ದು. ಹದಿನೈದು ಇಂಚು,
ಯಾವ ಊರಾಗ ಎದ್ದುಹೋದ ಟೆಂಟ್ ಟಾಕೀಸಿಂದೋ.
ಹರದ ಕಾಗದಕ್ಕ ನಾನ ಫೆವಿಕಾಲಿನ ತೇಪಿ ಹಚ್ಚೇನಿ.
ಪೆಟ್ಟಿಗಿ ಮಾಡಾಂವ ವಡಗಾವಿ ಮೋನಪ್ಪ ಬಡಿಗೇರ:
ಸಾ ಮಿಲ್ಲಿನ್ಯಾಗ ಮೂವತ್ತು ವರ್ಷ ದುಡದು
ಎರಡೂ ಕಿವಿ ಗರಗಸಕ್ಕ ಕೊಟ್ಟು ಬಂದಾನ.
ಅಂವನ ಕೂಡ ಮಾತು ಅಂದ್ರ ಚೀಟಿ.
ಅಗಲ, ಎತ್ತರ, ಮುಂದಿನ ತೂತು ಎಷ್ಟು ಉದ್ದ, ಎಲ್ಲಾ ಬರದು ಕೊಟ್ಟೆ.
‘ಬಾಗಲಾ ಇಲ್ಲೇನ ಇದಕ?’
ಇಲ್ಲ.
‘ಏನ ಇಡತಿ ಒಳಗ?’
ಗಾಳಿ, ಅಂತ ಬರದೆ.
ಚೀಟಿ ದೂರ ಹಿಡದು ಓದಿ ಭಾಳ ಹೊತ್ತು ನಕ್ಕ.
‘ಗಾಳಿಗೆ ಹದಿನೆಂಟು ಎಂ.ಎಂ.!
ಮಗಳ ಲಗ್ನದ ಕಪಾಟಿಗೆ ಹನ್ನೆರಡು ಹಾಕೇನಿ ನಾ.’

ಮಗ್ಗದ ಸೂಟಿ ದಿನ. ಓಣಿ ಪೂರಾ ಗಪ್‌ಚಿಪ್.
ಹೊಸಾ ತಂತಿ, ದಪ್ಪಂದು, ಹೆಬ್ಬಟ್ಟಿಲೆ ಒಮ್ಮೆ ಎಳದೆ.
ಮೊದಲು ಮೇಜಿನ ಮ್ಯಾಲ ಉಳಿ ಸರೀತು.
ನೆಲದಾಗ ಕಟಗಿಹೊಟ್ಟು ಗೆರಿಗೆರಿಯಾಗಿ ಎದ್ದು ಕುಂತಿತು.
ಆಮ್ಯಾಲ ಎಲ್ಲೋ ಒಂದು ಝರ್‌ರ್‌ರ್.
ಕಿವಿ ಇದ್ದಾಂವ ನಾ ಹುಡುಕೇ ಹುಡುಕಿದೆ. ಸಿಗಲಿಲ್ಲ.
ಮೋನಪ್ಪ ಊದಿನಕಡ್ಡಿ ಹಚ್ಚಿ ಸಂದಿಗುಂಟ ಹಿಡದ;
ನೆಟ್ಟಗ ಏರೂ ಹೊಗಿ ಒಂದ ಮೂಲ್ಯಾಗ ಸೊಟ್ಟಾತು.
ಸ್ಕ್ರೂಡ್ರೈವರಿನ ಹಿಡಿಕಿ ಹಲ್ಲಾಗ ಕಚ್ಚಿ
ತುದಿ ಅಲ್ಲಿ ಊರಿ, ಕೈಸನ್ನಿ ಮಾಡಿದ: ಬಾರಸು.

ಬಾರಸಿದೆ. ಕಣ್ಣು ಮುಚ್ಚಿದ.
ತಂತಿ ನಿಂತ ಮ್ಯಾಲೂ ಮುಚ್ಚೇ ಇದ್ದ.
ಇನ್ನೊಮ್ಮೆ.
ಕೆಟ್ಟ ಜಾಗಾ ಮೊದಲನೇ ಸಲಕ್ಕ ಸಿಕ್ಕಿತ್ತು ಅಂವಗ,
ಬೆರಳಿಲೆ ಗುರುತೂ ಮಾಡಿದ್ದ.
ಇನ್ನೊಮ್ಮೆ, ಅಂತ ಕೈ.

ಬಾಗಲದಾಗ ಏಕನಾಥ ಕಾಮಕರ, ಪಾನಾ, ಗ್ರೀಸಿನ ಡಬ್ಬಿ ಹಿಡಕೊಂಡು:
‘ಸೂಟಿ ದಿನಾ ಯಾರ ಮಗ್ಗ ಚಾಲೂ ಮಾಡ್ಯಾರ?
ಬೇರಿಂಗ್ ಹೋಗೇತಿ ಅದರದು.’

ಪೆಟ್ಟಿಗಿ ನಮ್ಮ ಮ್ಯಾಲಿನ ಖೋಲಿ ಬಾಗಲದಾಗ ಹಿಡೀಲಿಲ್ಲ.
ನೆಟ್ಟಗ, ಅಡ್ಡ, ಓರಿ; ಅರ್ಧ ಇಂಚು.
‘ಅಳತಿ ನಿಂದ,’ ಅಂದ ಮೋನಪ್ಪ, ಚೀಟಿ ತೋರಿಸಿ.
ಮತ್ತ ಅಂಗಡಿಗೇ ಹೊತ್ತು ಒಯ್ದಿವಿ.
ದಿನಾ ಸಂಜಿಕ ಅಲ್ಲೇ ಬಾರಸತೀನಿ ಈಗ.
ಅಂವ ಚಾ ತರಸತಾನ, ಸ್ಕ್ರೂಡ್ರೈವರ್ ಹುಡುಕತಾನ.

ಆ ಮ್ಯಾಲಿನ ಖೋಲಿ ಬಾಗಲಾ
ಹ್ವಾದ ವರ್ಷ ಕುಂಡ್ರಿಸಿದಾಂವ ಅಂವನ.